ಲೈಲ್‌ನನ್ನು ಮತ್ತೆ ಆಟಕ್ಕಿಳಿಸಿದ್ದು

ಹ್ಯಾಡ್ಲಿ ಫಾಲ್ಸ್, ಅಯೋವಾ
೧೧ ಫೆಬ್ರವರಿ ೧೯೦೯

ಪ್ರೀತಿಯ ಓರಿನ್,

ನೀನೂ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಬಿಡುವಿರಲಿಲ್ಲ ಎಂದು ಬರೆದರೆ ನೀನು ನಂಬುವವನಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವನಿಗೆ ನನ್ನ ಸೋಮಾರಿತನ ಗೊತ್ತೇ ಇದೆ. ಆದರೆ ಈ ಸಲದ್ದು ಸೋಮಾರಿತನವಲ್ಲ. ನಾಲ್ಕು ಸಲ ಬರೆದು ಹರಿದು ಹಾಕಿದೆ. ನೀನು ಕೇಳಿದ್ದು ಒಂದೇ ಮಾತು: "ನನ್ನ ಮಗ ಸರಿಯಾಗಿದಾನೇನೋ ಎಜ್ರಾ? ಒಂದೇ ಕಾಗದಾನ ಎರಡು ಸಲ ಬರೆದು ಕಳಿಸಿದಾನೆ. ಬಂದು ಮನೆಗೆ ಕರ್ಕೊಂಡು ಹೋಗ್ಲಾ?" ಬಾ ಅಥವಾ ಬೇಡ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಯಾವುದನ್ನು ಬರೆಯಬೇಕೆಂದೇ ತಿಳಿಯಲಿಲ್ಲ.

ನನ್ನ ಸುದ್ದಿ ಹೇಳಿಬಿಡುತ್ತೇನೆ. ನಾನಿಲ್ಲಿಗೆ ಕೋಚ್ ಆಗಿ ಬಂದು ಇದು ಎಂಟನೇ ವರ್ಷ. ಚಳಿ ಹುಟ್ಟುವ ತನಕ ಫುಟ್‌ಬಾಲ್, ಆಮೇಲೆ ಬಾಸ್ಕೆಟ್‌ಬಾಲ್, ನಡುವೆ ಹೊಸಬರಿಗೆ ಶರೀರಶಾಸ್ತ್ರದ ಪಾಠ. ನದಿಯಾಚೆಯ ಕಾಲೇಜನ್ನು ನವೆಂಬರಿನಲ್ಲಿ ಸೋಲಿಸಿದಾಗಿನಿಂದ ಊರವರು ನನ್ನನ್ನು ಹೊತ್ತು ಮೆರೆಸುವುದೊಂದು ಬಾಕಿ. ಇನ್ನೂ ಐದು ವರ್ಷ ಇರಬೇಕೆಂದು ಕಾಲೇಜಿನ ಅಧ್ಯಕ್ಷರು ಕರಾರುಪತ್ರ ಕಳಿಸಿದ್ದಾರೆ. ನಾನು ಬಾಡಿಗೆಗಿರುವ ಮನೆಯ ಮಿಸೆಸ್ ಪ್ರೂಯಿಟ್, "ಇನ್ನೇನು, ನಿಮ್ಮನ್ನ ಮೇಯರ್ ಮಾಡ್ತಾರಂತೆ. ಅಷ್ಟರೊಳಗೆ ಕೆಸರಿನ ಬೂಟ್ಸು ಬಾಗಿಲ ಹೊರಗೆ ಬಿಚ್ಚೋದು ಕಲೀರಿ" ಎನ್ನುತ್ತಾರೆ. ಕರಾರುಪತ್ರ ಮೇಜಿನ ಮೇಲೆ ಹಾಗೇ ಬಿದ್ದಿದೆ, ಸಹಿ ಹಾಕಿಲ್ಲ.

ಆ ಆಟದ ಬಗ್ಗೆ ನೀನು ಪತ್ರಿಕೆಯಲ್ಲಿ ಓದಿದ್ದೀಯ. ಥ್ಯಾಂಕ್ಸ್‌ಗಿವಿಂಗ್ ದಿನ, ಆರಕ್ಕೆ ನಾಲ್ಕು. ಚೆಂಡನ್ನು ಎದೆಗವಚಿಕೊಂಡು ಗೆಲುವಿನ ಓಟ ಓಡಿದ್ದು ನಿನ್ನ ಲೈಲ್. ಪತ್ರಿಕೆಯವರು ಬರೆಯದ್ದನ್ನು ನಾನು ಬರೆಯುತ್ತೇನೆ. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿಯ ಮೊಣಕಾಲು ಅವನ ಕಿವಿಯ ಮೇಲೆ ಬಡಿಯಿತು. ಎದ್ದ, ನಡೆದ, ನಕ್ಕ. ವಿರಾಮದಲ್ಲಿ ನಮ್ಮ ತಂಡದ ಡಾಕ್ಟರ್ ಹೆನ್ಷಾ ಅವನ ಕಣ್ಣು ನೋಡಿ, ಒಂದೆರಡು ಮಾತು ಕೇಳಿ, "ಆಡ್ಲಿ ಬಿಡಿ" ಅಂದರು. ನಮ್ಮ ನಿಯಮ ನಿನಗೆ ಗೊತ್ತಲ್ಲ: ಒಮ್ಮೆ ಹೊರಗೆ ಕೂರಿಸಿದವನನ್ನು ಆವತ್ತು ಮತ್ತೆ ಇಳಿಸುವಂತಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಕೂರಿಸಿ ನೋಡುವಂತಿರಲಿಲ್ಲ, ಅವನಿಲ್ಲದೆ ನಮಗೆ ಓಡುವವರೇ ಇರಲಿಲ್ಲ. ಡಾಕ್ಟರೇ ಒಪ್ಪಿದ ಮೇಲೆ ನಾನು ಬೇಡವೆನ್ನುವುದು ಹೇಗೆ ಎಂದು ಈ ಎರಡೂವರೆ ತಿಂಗಳಲ್ಲಿ ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ.

ಆಮೇಲೆ ಚೆನ್ನಾಗಿಯೇ ಇದ್ದ. ಊಟ ಮಾಡುತ್ತಿದ್ದ, ಪಾಠಕ್ಕೆ ಬರುತ್ತಿದ್ದ. ಬಾಸ್ಕೆಟ್‌ಬಾಲ್ ಶುರುವಾದಾಗ ಎದುರಾಳಿಗಳು ತಪ್ಪು ಮಾಡಿದಾಗ ನಮಗೆ ಸಿಗುವ ದಂಡದೆಸೆತಗಳನ್ನೆಲ್ಲ ಹಾಕುವ ಕೆಲಸ ಅವನಿಗೇ ಕೊಟ್ಟೆ. ಗೆರೆಯ ಮೇಲೆ ನಿಂತು ಹತ್ತಕ್ಕೆ ಒಂಬತ್ತು ಹಾಕುತ್ತಾನೆ ಮಾರಾಯ! ತಲೆಗೆ ಪೆಟ್ಟಾದವನು ಹಾಗೆ ಹಾಕಲು ಸಾಧ್ಯವೇ? ಆದರೆ ಹೋದ ಶನಿವಾರ ಅರ್ಧ ಆಟವಾಗಿ ತಂಡಗಳು ದಿಕ್ಕು ಬದಲಿಸಿದ ಮೇಲೆ, ಚೆಂಡು ಹಿಡಿದು ಓಡಿ ನಾವು ಕಾಯಬೇಕಾದ ನಮ್ಮದೇ ಬುಟ್ಟಿಗೆ ಹಾಕಿದ. ಜನ ಬಿದ್ದು ಬಿದ್ದು ನಕ್ಕರು. "ಏ ಲೈಲ್, ಅವರ ಊರಿನ ಹುಡುಗಿ ಯಾರೋ ಮನಸು ಕದ್ದಿದಾಳೆ ಬಿಡು!" ಎಂದು ಒಬ್ಬ ಕೂಗಿದ. ಅವನೂ ನಗುತ್ತಾ ನನ್ನ ಹತ್ತಿರ ಬಂದು, "ಚೆನ್ನಾಗಿ ಹಾಕ್ದೆ ಅಲ್ವಾ ಸರ್?" ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಹೆನ್ಷಾ ಅವರನ್ನು ಕೇಳಿದರೆ, "ವಯಸ್ಸಿನ ಹುಡುಗ, ಏನೋ ಕನಸು ಕಾಣ್ತಿರ್ತಾನೆ. ನೀವ್ಯಾಕೆ ಹೀಗಾಡ್ತೀರಿ?" ಎಂದರು. ಅವರ ಮಾತು ನಿಜವಿರಬಹುದು. ಬೆಳಗ್ಗೆ ಅದೇ ಸರಿ ಅನ್ನಿಸುತ್ತದೆ, ಮಧ್ಯಾಹ್ನ ಅವನು ಪಾಠದಲ್ಲಿ ಕಿಟಕಿ ನೋಡುತ್ತಾ ಕೂತದ್ದು ಕಂಡರೆ ಸರಿ ಅನ್ನಿಸುವುದಿಲ್ಲ. ಪಾಠ ಯಾವುದು ಗೊತ್ತೇ? ಮೆದುಳಿನದು. ಕಪ್ಪು ಹಲಗೆಯ ಮೇಲೆ ಅದರ ಚಿತ್ರ ಬರೆದವನು ನಾನು, ನನಗೇ ಏನೂ ಗೊತ್ತಿಲ್ಲ. ಆಟದಲ್ಲಿ ಪೆಟ್ಟು ಬಿದ್ದೇ ಬೀಳುತ್ತದೆ, ನಮಗೂ ಬಿದ್ದಿತ್ತು, ನಾವು ನೆಟ್ಟಗಿಲ್ಲವೇ? ಹೀಗೆ ಯೋಚಿಸಿ ಸಮಾಧಾನವಾಗುವಷ್ಟರಲ್ಲಿ ಮತ್ತೆ ಆ ಬುಟ್ಟಿ ನೆನಪಾಗುತ್ತದೆ.

ನನ್ನ ಮಾತು ಕೇಳುವುದಾದರೆ ಬಾ. ಹೆನ್ಷಾ ಏನೇ ಹೇಳಲಿ, ಅವನನ್ನು ಷಿಕಾಗೋದ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಇವತ್ತಿನಿಂದ ನಾನವನನ್ನು ಆಡಿಸುವುದಿಲ್ಲ. ಹಾಗೆಂದು ಅವನಿಗೂ ಹೇಳಿದೆ. "ನಾನೇನ್ ತಪ್ಪು ಮಾಡ್ದೆ ಸರ್?" ಎಂದು ಎರಡು ಸಲ ಕೇಳಿ ಹೋದ.

ಮನೆಯಲ್ಲಿ ಅಡಾಳಿಗೂ ನಿನ್ನ ಹೆಣ್ಣುಮಕ್ಕಳಿಗೂ ನನ್ನ ಪ್ರೀತಿ. ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ,
ಎಜ್ರಾ

ಮರೆತ ಮಾತು: ಮರೆತದ್ದಲ್ಲ ಓರಿನ್, ಬರೆಯದೆ ಬಿಟ್ಟದ್ದು. ಆವತ್ತು ವಿರಾಮದಲ್ಲಿ ಡಾಕ್ಟರ್ ಲೈಲ್‌ಗೆ, "ನಿನ್ನ ಓಟದ ಸಂಕೇತದ ಅಂಕಿ ಹೇಳು ನೋಡೋಣ" ಎಂದರು. ಅವನು ಒಂದು ಚೂರೂ ತಡವರಿಸದೆ "ಹದಿನೇಳು, ನಾಲ್ಕು, ಮೂವತ್ತೊಂದು" ಎಂದ. ಅಷ್ಟು ಪಟಪಟನೆ ಹೇಳಿದ್ದಕ್ಕೇ ಡಾಕ್ಟರ್ ಆಡಲಿ ಎಂದದ್ದು. ಓಟಕ್ಕೆ ಮುನ್ನ ಕೂಗುವ ಆ ಅಂಕಿ ಈ ಕಾಲೇಜಿನದಲ್ಲ. ಇಪ್ಪತ್ತು ವರ್ಷದ ಹಿಂದೆ ನೀನೂ ನಾನೂ ಓಡುತ್ತಿದ್ದ ಓಟದ್ದು. ಅವನು ಮಗುವಾಗಿದ್ದಾಗ ನಿಮ್ಮ ಕಣಜದ ಹಿಂದೆ ನೀನು ಅವನಿಗೆ ಹೇಳಿಕೊಟ್ಟದ್ದು. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ನಾಯಕನನ್ನು ಪಕ್ಕಕ್ಕೆ ಕರೆದು, "ಚೆಂಡು ಕೈಗೆ ಕೊಟ್ಟು ದಾರಿ ತೋರ್ಸು, ಉಳಿದದ್ದು ಅವನ ಕಾಲು ನೋಡ್ಕೊಳ್ಳುತ್ತೆ" ಎಂದೆ. ಹೊರಡುವಾಗ ಲೈಲ್ ನನ್ನ ತೋಳು ಹಿಡಿದು, "ಅಪ್ಪಾ, ನೀನು ಇಲ್ಲೇ ನಿಂತು ನೋಡ್ತಿರ್ತೀಯಲ್ವಾ?" ಎಂದ. ಹೂಂ ಅಂದುಬಿಟ್ಟೆ.