ಮೆಟ್ಟಿಲ ಕೆಳಗಿನ ಸ್ನಾನದ ಕೋಣೆ

ಭಾನುವಾರ, ಬೆಳಿಗ್ಗೆ

ನಮಸ್ಕಾರ.

ಇದಕ್ಕಿಂತ ಹೆಚ್ಚಿನದೇನೂ ಹೊಳೆಯಲಿಲ್ಲ. ಎದುರಿಗಿದ್ದಾಗ ‘ರೀ’ ಎಂದರೆ ಸಾಕಾಗುತ್ತಿತ್ತು. ಕಾಗದದ ಮೇಲೆ ಅದನ್ನು ಬರೆಯಲು ಕೈ ಏಳಲಿಲ್ಲ. ಆಸ್ಪತ್ರೆಯ ನರ್ಸಮ್ಮನಿಗೆ ಫೋನ್ ಮಾಡಿ ನಿಮ್ಮ ಕಿವಿಗೆ ಹಿಡಿಸಿ ಎನ್ನಬಹುದಿತ್ತು. ಆದರೆ ತಿರುಗಿ ಉತ್ತರ ಕೊಡಲಾಗದವರ ಮೇಲೆ ಫೋನಿನಲ್ಲಿ ರೇಗುವುದು ನ್ಯಾಯವಲ್ಲ ಅನ್ನಿಸಿತು. ನೀವು ಓದಬಲ್ಲಿರಂತೆ. ನೀವೇ ಓದಿ, ಬೇರೆಯವರಿಂದ ಓದಿಸಬೇಡಿ.

ಆ ನರ್ಸಮ್ಮ ಮೊದಲ ಸಲ ಫೋನ್ ಮಾಡಿದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ. “ಬಲಗಡೆ ಪೂರ್ತಿ ಸ್ವಾಧೀನ ಇಲ್ಲ ಕಣಮ್ಮ, ಮಾತೂ ಬರ್ತಿಲ್ಲ. ಮನೆಗೆ ಕರ್ಕೊಂಡ್ ಹೋಗೋರು ಯಾರು ಅಂತ ಕೇಳಿದ್ದಕ್ಕೆ ಎಡಗೈಲಿ ನಿಮ್ಮ ನಂಬರ್ ಬರೆದು ಕೊಟ್ರು” ಎಂದಳು. ಇಷ್ಟು ವರ್ಷ ಒಮ್ಮೆಯೂ ಒತ್ತದ ನಂಬರು ನಿಮಗೆ ಬಾಯಿಪಾಠವಾಗಿತ್ತೆಂದು ತಿಳಿದು ನನಗೆ ಸಂತೋಷವೇನೂ ಆಗಲಿಲ್ಲ, ಮೈಯೆಲ್ಲ ಉರಿಯಿತು. ನನ್ನನ್ನು ಬಿಟ್ಟು ಇಷ್ಟು ದಿನ ಯಾರ ಜೊತೆ ಇದ್ದರೋ ಆಕೆಯನ್ನು ಕೇಳಿ ಎಂದು ಫೋನ್ ಇಟ್ಟೆ. ಆಕೆಯ ಮನೆ ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಆಗುವುದಿಲ್ಲ ಎಂದರಂತೆ. ಕಾರಣ ಅದೇ ಇರಬಹುದು, ಇಲ್ಲದೆಯೂ ಇರಬಹುದು.

ಮಾರನೆಯ ವಾರ ನಾನು ಆಸ್ಪತ್ರೆಗೆ ಬಂದಿದ್ದೆ. ನಿಮಗೆ ಗೊತ್ತಿಲ್ಲ. ನಿಮ್ಮ ಮೈ ಒರೆಸುತ್ತಿದ್ದರು. ಪರದೆಯನ್ನು ಅರ್ಧ ಮಾತ್ರ ಎಳೆದಿದ್ದರು. ಪಕ್ಕದ ಮಂಚದವರನ್ನು ನೋಡಲು ಬಂದ ಹೆಂಗಸರು ಅಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದರು. ನೀವು ಮುಖವನ್ನು ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದಿರಿ. ಸ್ನಾನಕ್ಕೆ ಹೋದರೆ ಚಿಲಕ ಬಿದ್ದಿದೆಯೇ ಎಂದು ಎರಡೆರಡು ಸಲ ಎಳೆದು ನೋಡುತ್ತಿದ್ದ ಮನುಷ್ಯ. ನಾನು ಮಾತಾಡಿಸದೆ ಹಿಂದಿರುಗಿದೆ. ಮರುದಿನ ಪ್ಲಂಬರ್‌ಗೆ ಹೇಳಿ ಕಳುಹಿಸಿದೆ.

ಬಚ್ಚಲು ಇರುವುದು ಮಹಡಿಯಲ್ಲಿ. ನೀವು ಮೆಟ್ಟಿಲು ಹತ್ತುವ ಮಾತಿಲ್ಲ. ಕೆಳಗಿರುವುದು ಮೆಟ್ಟಿಲಡಿಯ ಆ ಪುಟ್ಟ ಟಾಯ್ಲೆಟ್ ಒಂದೇ. ಪ್ಲಂಬರ್ ಒಳಗೆ ನಿಂತು ಎರಡೂ ಕೈ ಚಾಚಲು ನೋಡಿದ. ಮೊಣಕೈ ಗೋಡೆಗೆ ತಾಗಿತು. “ಇದ್ರಲ್ಲಿ ಶವರ್ರಾ? ಸೋಪು ಕೆಳಗೆ ಬಿದ್ರೆ ಹೊರಗ್ ಹೋಗಿ ತಿರುಗ್ಕೊಂಡ್ ಬಂದು ಎತ್ಕೋಬೇಕಾಗುತ್ತೆ ಅಕ್ಕಾ” ಎಂದ. ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದದ್ದರಿಂದ ನನಗೇ ವಿಚಿತ್ರವೆನ್ನಿಸಿತು.

ಬೇಸಿನ್ ಕಿತ್ತು ಹೊರಗೆ ಹಾಕಿದೆವು. ನೆಲ ಅಗೆದು, ನೀರು ಹಜಾರಕ್ಕೆ ನುಗ್ಗದಂತೆ ಮೂಲೆಗೆ ವಾಟ ಕೊಟ್ಟು, ಜಾರದ ಕಲ್ಲು ಹಾಸಿಸಿದೆ. ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ನೀವು ಒಳಗೆ ಬಿದ್ದರೆ ನಿಮ್ಮ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಯಾರೂ ಒಳಗೆ ಬರಲಾಗದು. ಅದನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದ್ದಾಯಿತು. ಛಾವಣಿ ಎತ್ತರವಿರುವ ಕಡೆ ಶವರ್, ಅದರ ಕೆಳಗೆ ಕೂರಲು ಒಂದು ಸ್ಟೂಲ್. ಮನೆ ತುಂಬ ಸಿಮೆಂಟಿನ ದೂಳು. ನೀರು ಕುಡಿದರೂ ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತಿತ್ತು.

ಎಲ್ಲ ಮುಗಿದು ಪ್ಲಂಬರ್ ಊಟಕ್ಕೆ ಹೋದಾಗ ನಾನು ಒಳಗೆ ಹೋದೆ. ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಸೀರೆಯಲ್ಲೇ ಸ್ಟೂಲಿನ ಮೇಲೆ ಕೂತೆ. ನಲ್ಲಿ ಬಲಗೋಡೆಯಲ್ಲಿತ್ತು. ಎಡಗೈ ಎಷ್ಟು ಚಾಚಿದರೂ ಎಟಕಲಿಲ್ಲ. ಹೇಗೋ ವಾಲಿ ತಿರುಗಿಸಿದಾಗ ತಣ್ಣೀರು ದಡಕ್ಕನೆ ತಲೆಯ ಮೇಲೆ ಬಿತ್ತು. ನಿಲ್ಲಿಸಲು ಮತ್ತೆ ವಾಲುವಷ್ಟರಲ್ಲಿ ಸ್ಟೂಲು ಓಲಾಡಿತು. ನಲ್ಲಿ ಎಡಗಡೆಗೆ ಬರಬೇಕು, ಕೈಗೆ ಸಿಗುವಂತೆ ಒಂದು ಹಿಡಿಕೆ ಬೇಕು ಎಂದು ತಿಳಿಯಿತು. ಇಷ್ಟಾದ ಮೇಲೆ ಸೋಪು ಹಿಡಿದು ನೋಡಿದೆ. ಎದೆಗೆ ಹಚ್ಚಬಹುದು, ಕಾಲಿಗೆ ಹಚ್ಚಬಹುದು. ಆದರೆ ಎಡಗೈಯಿಂದ ಎಡಗೈಯನ್ನು ತೊಳೆಯಲಾಗುವುದಿಲ್ಲ. ಮೊಣಕೈಯನ್ನು ತೊಡೆಗೆ ಉಜ್ಜಿದೆ, ಗೋಡೆಗೆ ಉಜ್ಜಿದೆ. ಆಗಲೇ ಇಲ್ಲ.

ಆ ನೆನೆದ ಸೀರೆಯಲ್ಲಿ ಸುಮಾರು ಹೊತ್ತು ಕೂತೇ ಇದ್ದೆ. ಶವರ್ ಹಾಕಿಸಿಬಿಟ್ಟರೆ ನಿಮ್ಮ ಪಾಡಿಗೆ ನೀವು, ನನ್ನ ಪಾಡಿಗೆ ನಾನು ಎಂದು ಲೆಕ್ಕ ಹಾಕಿದ್ದೆ. ಬಾಗಿಲು ಹಾಕಿಕೊಂಡು ಒಬ್ಬರೇ ಸ್ನಾನ ಮಾಡಲಿ, ಅಷ್ಟು ಮರ್ಯಾದೆ ಉಳಿಯಲಿ ಎಂದುಕೊಂಡಿದ್ದೆ. ಅದು ನಡೆಯುವ ಮಾತಲ್ಲ. ಆ ಒಂದು ಕೈಯನ್ನು ತೊಳೆಯಲು ಯಾರಾದರೂ ಒಳಗೆ ನಿಲ್ಲಲೇಬೇಕು. ಈ ಮನೆಯಲ್ಲಿ ಬೇರೆ ಯಾರಿದ್ದಾರೆ?

ಪ್ಲಂಬರ್ ಬಂದು ನನ್ನ ಅವಸ್ಥೆ ನೋಡಿ, “ಅಯ್ಯೋ, ಪೈಪ್ ಸೋರ್ತಾ ಅಕ್ಕಾ?” ಎಂದು ಗಾಬರಿಯಾದ. ಇಲ್ಲಪ್ಪ, ನಲ್ಲಿ ಆ ಕಡೆಗೆ ಹಾಕು ಎಂದೆ. ಆಗಷ್ಟೇ ಮುಗಿಸಿದ್ದ ಗೋಡೆಯನ್ನು ಗೊಣಗುತ್ತಲೇ ಒಡೆದ.

ಇದನ್ನು ಪ್ರೀತಿ ಎಂದುಕೊಳ್ಳಬೇಡಿ. ಕರುಣೆ ಎಂದರೂ ನನಗೆ ಸಿಟ್ಟು ಬರುತ್ತದೆ. ಆ ಅರ್ಧ ಪರದೆ ಕಣ್ಣಿಂದ ಹೋಗುತ್ತಿಲ್ಲ, ಅಷ್ಟೇ. ನಿಮ್ಮ ಮಂಚ ಹಜಾರದಲ್ಲಿರುತ್ತದೆ. ನಾನು ನಿಮ್ಮ ಕೈ ತೊಳೆಯುತ್ತೇನೆ, ಬೆನ್ನು ತೊಳೆಯುತ್ತೇನೆ. ಮುಖ ನೋಡುತ್ತೇನೆಂದು ಮಾತು ಕೊಡಲಾರೆ. ಬುಧವಾರ ಗಾಡಿ ಕಳುಹಿಸುತ್ತೇನೆ. ಬರಲು ಇಷ್ಟವಿಲ್ಲದಿದ್ದರೆ ನರ್ಸಮ್ಮನಿಗೆ ತಲೆಯಾಡಿಸಿ ತಿಳಿಸಿ.

ಇಂತು,
ಈ ಮನೆಯಲ್ಲಿ ಉಳಿದವಳು

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದೆಂದಿದ್ದೆ. ನಿನ್ನೆ ಮಗಳು ಬಂದಿದ್ದಳು, ತನ್ನ ಮಗುವನ್ನೂ ಎತ್ತಿಕೊಂಡು. ನಿಮಗೊಬ್ಬಳು ಮೊಮ್ಮಗಳಿದ್ದಾಳೆ. ಮಗಳು ಹೊಸ ಕೋಣೆಯನ್ನು ನೋಡಿ, ಯಾರಿಗೆಂದು ಕೇಳಿದಳು. ನಿಮಗೆ ಎಂದೆ. “ಅವರು ಬಿಟ್ಟು ಹೋದಾಗ ನಿನ್ನ ಬಾಯಿಗೆ ಅನ್ನ ಇಟ್ಟೋಳು ನಾನಮ್ಮ. ಅವರು ಈ ಮನೆಗೆ ಬಂದ್ರೆ ನಾನು ಬರಲ್ಲ, ಇವಳನ್ನೂ ಕಳಿಸಲ್ಲ” ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ, ಅಳುತ್ತಾ ಹೇಳಿದಳು. ಬಂದ ಮೇಲೆ ಅವಳ ವಿಷಯ ಕೇಳಬೇಡಿ. ಕಣ್ಣಿನಲ್ಲೂ ಕೇಳಬೇಡಿ.