ಕೋಟೆಯೊಳಗಿನ ಕಲ್ಲುಮನೆ

ಮಧುಗಿರಿ
18-2-2024

ಮಗಳು ಅನುಷಾಗೆ ನಿನ್ನ ಮಾವ ಸಿದ್ದಗಂಗಯ್ಯ ಮಾಡುವ ಆಶೀರ್ವಾದ.

ನಾಗಲಮಡಿಕೆಯಲ್ಲಿ ನೀನೂ ನಿನ್ನ ತಂದೆತಾಯಿಯೂ ಹೆಂಗಿದ್ದೀರಿ? ಕಾಗದ ತಡವಾಯಿತು, ಬೇಜಾರು ಮಾಡ್ಕೋಬೇಡಮ್ಮ. ನಿನ್ನ ಹೆಸರಿನ ಮುಂದೆ ಚಿ. ಸೌ. ಅಂತ ಬರೆದು ರೂಢಿಯಾದ ಕೈ ಇದು. ನಮ್ಮ ಮಗ ರಂಗೇಶ ತೀರಿಹೋದ ಮೇಲೆ ಏನು ಬರೆಯೋದು ಅಂತ ತೋಚದೆ ಎಷ್ಟೋ ಸಲ ಪೆನ್ನು ಮುಚ್ಚಿಟ್ಟೆ.

ನಿನ್ನ ತಂದೆ ಫೋನ್ ಮಾಡಿದ್ದರು. ಪಾವಗಡದ ಮೇಷ್ಟ್ರು ಹುಡುಗನ ಕಡೆಯವರು ನಿನ್ನನ್ನ ಮದುವೆಗೆ ಕೇಳ್ತಿದ್ದಾರಂತೆ, ನೀನು ಮಾತ್ರ ಅತ್ತೆಗೆ ನೋವಾಗುತ್ತೆ ಅಂತ ಒಪ್ತಿಲ್ಲವಂತೆ. ನಿನ್ನತ್ತೆಗೂ ಹೇಳಿದೆ. ರಂಗೇಶನ ವರ್ಷದ ತಿಥಿ ಮುಗಿದ ಮಾರನೇ ದಿನ, ಕೋಟೆ ನೋಡ್ಕೊಂಡು ಬರೋಣ ಅಂದಳು. ಇಷ್ಟು ವರ್ಷ ಅಂಗಳದಲ್ಲಿ ನಿಂತು ನೋಡಿದ್ದು ಸಾಲದಾ ಅಂತ ರೇಗಿಸಿದೆ. ನಗಲಿಲ್ಲ. ಮದುವೆಯಾದ ಹೊಸತರಲ್ಲಿ ನೀವಿಬ್ಬರೂ ಅಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಹರಕೆಯ ಮನೆ ಕಟ್ಟಿ ಬಂದಿದ್ದಿರಲ್ಲ, ಅದು ಅವಳ ತಲೆಯಲ್ಲಿತ್ತು. ಕಟ್ಟಿದ್ದು ನಿಂತಿರೋವರೆಗೂ ಇನ್ನೊಂದು ಕಟ್ಟಬಾರದು ಅನ್ನೋದು ನಮ್ಮ ಮನೆಯ ಹೆಂಗಸರ ನಂಬಿಕೆ, ನಿನಗೂ ಗೊತ್ತು.

ಕಾವಲಿನ ಪರ್ವತಯ್ಯ ಬಾಗಿಲಲ್ಲೇ ಸಿಕ್ಕಿದ. "ಅಕ್ಕಾ, ಹತ್ತೋವಾಗ ದೇವ್ರು ನೆಪ್ಪಾಗ್ತಾನೆ, ಇಳಿಯೋವಾಗ ಮಂಡಿ" ಅಂತ ತಮಾಷೆ ಮಾಡ್ತಾ ಜೊತೆಗೇ ಬಂದ. ಬಿರುಕು ಬಿಟ್ಟ ಗೋಡೆ, ಪಾಚಿ ಕಟ್ಟಿದ ಕೊಳ ಎಲ್ಲಾ ತೋರಿಸಿದ. ಕೆಳದಿ ರಾಣಿ ವೀರಮ್ಮಾಜಿಯನ್ನ ಹೈದರ್ ಇದೇ ಕೋಟೆಯಲ್ಲಿ ಸೆರೆ ಇಟ್ಟಿದ್ದನಂತೆ, ಗಂಡ ಸತ್ತ ಹೆಂಗಸು ಪಾಪ, ವರ್ಷಗಳು ಕಳೆದ ಮೇಲೆ ಮರಾಠರು ಬಂದು ಬಿಡಿಸಿದರಂತೆ, ಆಯಮ್ಮ ಪುಣೆಯ ಹಾದಿಯಲ್ಲೇ ತೀರಿಕೊಂಡಳಂತೆ.

ನಿನ್ನತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಬುಡಿಸೋರು ಅಷ್ಟು ವರ್ಷ ಯಾಕಪ್ಪ ಕಾದ್ರು?" ಅಂದಳು.

ನಿಮ್ಮ ಕಲ್ಲುಮನೆ ಗಾಳಿಗೆ ಬಿದ್ದುಹೋಗಿತ್ತು. ಅವತ್ತು ಕಲ್ಲು ಇಡೋವಾಗ ಒಡೆದಿದ್ದ ನಿನ್ನ ಹಸಿರು ಬಳೆ ಚೂರು ಅಲ್ಲೇ ಇದ್ದದ್ದಕ್ಕೆ ಗುರುತು ಸಿಕ್ಕಿತು. ಮನಸ್ಸಿಗೆ ಹಚ್ಕೋಬೇಡ. ತಂದೆಯ ಮಾತು ಕೇಳು, ತಾಯಿ. ನಮ್ಮ ಮನೆ ಬಾಗಿಲು ನಿನಗೆ ಯಾವತ್ತೂ ತೆರೆದೇ ಇರುತ್ತೆ.

ಹೊಟ್ಟೆ ತುಂಬ ಊಟ ಮಾಡು, ತಣ್ಣಗಿರು.

ಇಂತಿ,
ನಿನ್ನ ಮಾವ
ಸಿದ್ದಗಂಗಯ್ಯ

ಮರೆತ ಮಾತು: ಇಷ್ಟನ್ನ ನಿನ್ನತ್ತೆಗೆ ಓದಿ ಹೇಳಿದೆ. ಸರಿಯಾಗೈತೆ ಅಂದು ಹಸುವಿಗೆ ಮೇವು ಹಾಕೋಕೆ ಹೋದಳು. ಅದಕ್ಕೇ ಇದನ್ನ ಈಗ ಬರೀತಿದ್ದೀನಿ. ಗಾಳಿಗೆ ಬಿತ್ತು ಅಂತ ಬರೆಸಿದವಳು ಅವಳೇ. ಕಲ್ಲುಮನೆ ಒಂಚೂರೂ ಅಲುಗದೆ ನಿಂತಿತ್ತು ಕಣಮ್ಮ. ಅವಳೇ ಕೂತು, ನಿದ್ದೆ ಹೋದ ಮಗುವನ್ನ ತೊಡೆಯಿಂದ ಇಳಿಸೋ ಹಂಗೆ ಒಂದೊಂದೇ ಕಲ್ಲು ಇಳಿಸಿದಳು. ಕೈ ಹಾಕೋಕೆ ಹೋದರೆ ನನ್ನನ್ನೂ ಬಿಡಲಿಲ್ಲ. ರಂಗೇಶ ಇಟ್ಟಿದ್ದ ತುದಿಗಲ್ಲನ್ನ ಮಾತ್ರ ಮಡಿಲಲ್ಲಿ ಕಟ್ಕೊಂಡು ಬಂದಳು. ಈಗ ಅವಳ ದಿಂಬಿನ ಪಕ್ಕ ಇದೆ. ನೀನು ಯಾವಾಗಲಾದರೂ ಬಂದರೆ, ಅದೇನು ಅಂತ ಕೇಳಬೇಡ.