ನಾಲ್ಕನೆಯವರಾಗಿ ಒಂದು ಕಲ್ಲು

14 ಮೇ 2006, ಭಾನುವಾರ

ಕೂಲರ್‌ಗೆ ನೀರು ತುಂಬಿಸಿದೆ. ಪಂಪು ಮತ್ತೆ ಗೊರ್ ಗೊರ್. ರಿಪೇರಿ ಭಯ್ಯಾ ನಾಳೆ ಬರುತ್ತಾನಂತೆ. ಅವನ ನಾಳೆ ನನಗೆ ಗೊತ್ತು.

ಬೆಳಿಗ್ಗೆಯಿಡೀ ಝೂಲಾಪುರದ ಚರ್ಚೆ. ಜೈಪುರ ಹೈವೇಯಲ್ಲಿ ಮಾನೇಸರ್ ದಾಟಿದ ಮೇಲೆ ಹೊಸದಾಗಿ ಆಗಿರುವ ಪಾರ್ಕು. ರೈಡು, ವಾಟರ್ ಪಾರ್ಕು, ಉಳಿಯಲು ಕಾಟೇಜು. ಗಾನವಿಯ ಕ್ಲಾಸಿನ ಅರ್ಧ ಮಕ್ಕಳು ಹೋಗಿ ಬಂದಾಗಿದೆ. ಹೋಗುವುದು ಖಾಯಂ, ಜಗಳ ಎಷ್ಟು ದಿನ ಎಂಬುದಕ್ಕೆ. ನಾನು ಒಂದು ದಿನ ಸಾಕೆಂದೆ. ಅಹಲ್ಯಾಗೆ ಸಿಟ್ಟು ಬಂತು.

"ಬೆಳಿಗ್ಗೆ ಹೋಗಿ ಸಾಯಂಕಾಲ ಬರೋಕೆ ಅದೇನು ನಿಮ್ಮ ಮಿನಿಸ್ಟ್ರೀನಾ?"

ಗಾನವಿ ಹೆಬ್ಬೆರಳಿನಿಂದ ಗೆಣ್ಣು ಎಣಿಸುತ್ತ ಕೂತಿದ್ದಳು. ಒಂದು, ಎರಡು, ಮೂರು... "ಅಪ್ಪಾ, ಏಳು ದಿನ. ಪೂರಾ ಹಫ್ತಾ. ಪ್ಲೀಸ್!" ಒಂಬತ್ತು ವರ್ಷ, ಹುಟ್ಟಿದ್ದು ದೆಹಲಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಎಣಿಕೆ ಮಾತ್ರ ಅಚ್ಚ ಕನ್ನಡ. ತುಮಕೂರಿನಲ್ಲಿ ಅಮ್ಮ ಕಲಿಸಿದ್ದು. ಒಂದೊಂದು ಬೆರಳಿಗೆ ಮೂರು ಗೆಣ್ಣು. ಸ್ಕೂಲಿನ ಲೆಕ್ಕವನ್ನೂ ಬೆಂಚಿನ ಕೆಳಗೆ ಹಾಗೆಯೇ ಮಾಡುತ್ತಾಳೆ, ಕಳ್ಳಿ.

19 ಮೇ, ಶುಕ್ರವಾರ

ನಮ್ಮ ಸೆಕ್ಷನ್ನಿನ ಚಿದಂಬರ ಕಳೆದ ತಿಂಗಳು ಝೂಲಾಪುರಕ್ಕೆ ಹೋಗಿದ್ದನಂತೆ. "ಎರಡು ದಿನ ಇಟ್ಕೊಳಿ ಸಾರ್. ಒಂದು ದಿನ ಹೋದ್ರೆ ಬರೀ ಕ್ಯೂ. ಮೂರನೇ ದಿನ ಮಕ್ಕಳಿಗೇ ಬೇಜಾರು."

ಎರಡು ದಿನ ಎಂದು ತೀರ್ಮಾನ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜೂನ್ 3, 4 — ಶನಿವಾರ, ಭಾನುವಾರ. ರಜೆಯೂ ಖರ್ಚಿಲ್ಲ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

28 ಮೇ, ಭಾನುವಾರ

ಅಮ್ಮನ ಫೋನು. ಹೊರಡುವ ವಿಷಯ ಹೇಳಿದ್ದೇ ತಪ್ಪಾಯಿತು.

"ಮೂರು ಜನ ಹೊರಡ್ತೀರೇನೋ ಮೂರ್ತಿ? ಮೂವರು ಹೊರಟ್ರೆ ಮೂರಾಬಟ್ಟೆ ಕಣೋ. ಒಂದು ಕಲ್ಲು ಇಟ್ಕೊಂಡು ಹೋಗಿ, ನಾಲ್ಕನೆಯವರಾಗತ್ತೆ."

"ಅಮ್ಮ, ಇದು ಎರಡು ಸಾವಿರದ ಆರು."

"ಇರ್ಲಿ. ಕಲ್ಲಿಗೇನು ಇಸವಿ ಗೊತ್ತಾಗತ್ತಾ?"

ಅಹಲ್ಯಾ ಕೂಡ ಅವರ ಕಡೆ. "ಇಟ್ಕೊಂಡ್ರೆ ನಿಮ್ಮ ಗಂಟೇನು ಹೋಗತ್ತೆ?" ಅತ್ತೆ ಸೊಸೆ ಒಂದಾಗುವುದು ನನ್ನ ವಿರುದ್ಧ ಮಾತ್ರ.

2 ಜೂನ್, ಶುಕ್ರವಾರ, ಬೆಳಿಗ್ಗೆ 7

ಕಲ್ಲು ತಂದೆ. ವಾಕಿಂಗ್ ಹೋದವನು ಪುಷ್ತಾ ರಸ್ತೆಯ ಏರಿ ಇಳಿದು ಯಮುನೆಯ ಮರಳಿನ ಕಡೆ ನಡೆದೆ. ನಮ್ಮ ಮಯೂರ್ ವಿಹಾರ್ ತುಂಬ ಇಟ್ಟಿಗೆ ಚೂರು ಬೇಕಾದಷ್ಟು, ಒಂದು ಕಲ್ಲು ಅನ್ನುವ ಕಲ್ಲು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಕಲ್ಲಂಗಡಿ ಪಾತಿಗಳ ಆಚೆ, ಜಾಲಿ ಮರದ ಕೆಳಗೆ, ಸಣ್ಣ ಸಣ್ಣ ಮರಳು ಗುಡ್ಡೆಗಳು. ಒಂದೊಂದರ ಮೇಲೆ ಒಂದೊಂದು ಕಲ್ಲು. ಬೀಜ ಹಾಕಿ ಗುರುತಿಗೆ ಇಟ್ಟಿರಬೇಕು. ಕೊನೆಯ ಗುಡ್ಡೆ ಎಲ್ಲಕ್ಕಿಂತ ಚಿಕ್ಕದು. ಅದರ ಮೇಲಿನ ಕಲ್ಲು ದುಂಡಗೆ, ನುಣ್ಣಗೆ, ಅಂಗೈ ತುಂಬುವಷ್ಟು. ಸುತ್ತ ಯಾರೂ ಇರಲಿಲ್ಲ. ಜೇಬಿಗೆ ಹಾಕಿಕೊಂಡೆ. ಬಿಸಿಲು ಏರುವ ಮೊದಲೇ ಬೆಚ್ಚಗಿತ್ತು... ನಿನ್ನೆಯ ಕಾವು ಇರಬೇಕು.

ಗಾನವಿ ಅದಕ್ಕೆ ಕರ್ಚೀಫು ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ಹೆಸರು ಮುನ್ನಿಯಂತೆ.

"ಯಾರು ಇಟ್ಟಿದ್ದು ಆ ಹೆಸರು?"

"ಮೈಂ ನೇ ನಹೀಂ ರಖಾ. ನಾನಲ್ಲ, ಅವಳೇ ಹೇಳಿದ್ದು."

3 ಜೂನ್, ಶನಿವಾರ, ಮಧ್ಯಾಹ್ನ 3. ಝೂಲಾಪುರ

ಕಾಟೇಜು ಚೆನ್ನಾಗಿದೆ. ಏಸಿ ಇದೆ. ಅಹಲ್ಯಾ ಬಂದ ಕೂಡಲೇ ಬೆಡ್‌ಶೀಟು ಎತ್ತಿ ಮೂಸಿ ನೋಡಿ ಪಾಸ್ ಮಾಡಿದಳು.

ಗೇಟಿನಲ್ಲಿ ಒಂದು ತಮಾಷೆ. ಮೂರು ಟಿಕೆಟ್ಟು ಕೇಳಿದೆ. ಕೌಂಟರಿನ ಹುಡುಗಿ ನಮ್ಮಿಬ್ಬರಿಗೆ ಕೆಂಪು ಪಟ್ಟಿ ಕಟ್ಟಿದಳು, ಗಾನವಿಗೆ ನೀಲಿ. ಆಮೇಲೆ ಒಂದು ಪುಟ್ಟ ಹಳದಿ ಪಟ್ಟಿ ತೆಗೆದಳು. "ಸರ್, ಛೋಟೀ ವಾಲೀ ಫ್ರೀ ಹೈ. ತೀನ್ ಫುಟ್ ಸೇ ಕಮ್." ಮೂರಡಿಗಿಂತ ಗಿಡ್ಡ ಇರುವ ಚಿಕ್ಕವಳಿಗೆ ಟಿಕೆಟ್ಟಿಲ್ಲವಂತೆ. ಅವಳು ನೋಡುತ್ತಿದ್ದದ್ದು ಗಾನವಿಯ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ. ಅಲ್ಲಿ ಯಾರೂ ಇಲ್ಲ. ಹಿಂದಿನ ಸಂಸಾರದ ಮಗು ಇರಬೇಕೆಂದು ತಿರುಗಿ ನೋಡಿದೆ. ಹಿಂದೆ ಯಾರೂ ನಿಂತಿರಲಿಲ್ಲ. ಗಾನವಿ ಪಟ್ಟಿ ಇಸಿದುಕೊಂಡು ಕಲ್ಲಿಗೆ ಸುತ್ತಿದಳು.

ಊಟಕ್ಕೆ ವೇಟರು ನಾಲ್ಕು ತಟ್ಟೆ ಇಟ್ಟ. ಒಂದು ಲೋಟ ಹಾಲು ಬೇರೆ, ನಾವು ಕೇಳದೆ ಇದ್ದದ್ದು. ಬಿಲ್ಲಿನಲ್ಲಿ ಹಾಕದಿದ್ದರೆ ಸರಿ ಎಂದುಕೊಂಡೆ.

4 ಜೂನ್, ಭಾನುವಾರ, ಸಂಜೆ 5

ಇಷ್ಟು ಹೊತ್ತಿಗೆ ಮಯೂರ್ ವಿಹಾರ್ ಮುಟ್ಟಿರಬೇಕಿತ್ತು. ಇನ್ನೂ ಇಲ್ಲೇ ಇದ್ದೇವೆ.

ಬೆಳಿಗ್ಗೆ ಮೆರ್ರಿ ಗೋ ರೌಂಡ್. ಗಾನವಿ ಒಂದು ಕುದುರೆ ಹತ್ತಿದಳು. ಪಕ್ಕದ್ದು ಖಾಲಿ. ನಡೆಸುವವನು ಬಂದು ಗಾನವಿಯ ಬೆಲ್ಟು ಹಾಕಿದ. ಆಮೇಲೆ ಖಾಲಿ ಕುದುರೆಗೂ ಬೆಲ್ಟು ಹಾಕಿದ. ಬಿಗಿ ಮಾಡಿದ, ಇನ್ನೂ ಬಿಗಿ ಮಾಡಿದ — ತೀರಾ ಸಣ್ಣ ಸೊಂಟಕ್ಕೆ ಮಾಡುವ ಹಾಗೆ. "ಪಕಡ್ ಕೇ ಬೈಠನಾ, ಬೇಟಾ." ಗಟ್ಟಿಯಾಗಿ ಹಿಡಿದು ಕೂರು ಎಂದು, ಆ ಖಾಲಿ ಕುದುರೆಗೆ.

ಅದರ ಮೇಲೆ ಯಾರೆಂದು ಕೇಳಿದೆ, "ಕೌನ್ ಹೈ ಉಸ್ ಪರ್?"

ನಾನೇ ತಮಾಷೆ ಮಾಡುತ್ತಿದ್ದೇನೆ ಎಂಬಂತೆ ನಕ್ಕ. "ಆಪ್ ಹೀ ಕೀ ತೋ ಹೈ, ಸಾಬ್." ನಿಮ್ಮ ಮಗಳೇ ಅಲ್ಲವೇ ಎಂದು.

ಸುಡುವ ಬಿಸಿಲು. ಸುತ್ತು ಮುಗಿಯುವವರೆಗೂ ಆ ಖಾಲಿ ಕುದುರೆಯನ್ನೇ ನೋಡುತ್ತ ನಿಂತೆ. ಅಹಲ್ಯಾಗೆ ಹೇಳಲಿಲ್ಲ.

ಎರಡು ಗಂಟೆಗೆ ಬ್ಯಾಗು ಕಟ್ಟಿದೆವು. ಟ್ಯಾಕ್ಸಿ ಬಂತು. ಗಾನವಿಗೆ ಜ್ವರ. ಐದು ನಿಮಿಷದ ಹಿಂದೆ ಕುಣಿಯುತ್ತಿದ್ದವಳ ಮೈ ಕಾದ ಹೆಂಚು. "ಮುನ್ನಿಗೆ ಹೋಗೋದು ಇಲ್ಲ. ಕಲ್ ಭೀ ರುಕೋ ನಾ, ನಾಳೇನೂ ಇರೋಣ ಅಪ್ಪಾ." ಫಸ್ಟ್ ಏಡ್ ನರ್ಸು ಬಂದು ಥರ್ಮಾಮೀಟರು ಇಟ್ಟಳು. ನೂರ ಮೂರು. ಟ್ಯಾಕ್ಸಿ ವಾಪಸ್ ಕಳಿಸಿದೆ. ಅದು ಗೇಟು ದಾಟಿರಲಿಲ್ಲ, ಜ್ವರ ಇಳಿದು ಐಸ್‌ಕ್ರೀಮು ಕೇಳಿದಳು.

ನಾಟಕ ಎಂದೆ. ನಾಟಕಕ್ಕೆ ಪಾದರಸ ಏರುವುದಿಲ್ಲ ಎಂದಳು ಅಹಲ್ಯಾ.

5 ಜೂನ್, ಸೋಮವಾರ

ಆಫೀಸಿಗೆ ಫೋನು ಮಾಡಿ ರಜೆ ಹೇಳಿದೆ. ಚಿದಂಬರ ನಗುತ್ತಿದ್ದ. "ಮೂರನೇ ದಿನ ಮಕ್ಕಳಿಗೆ ಬೇಜಾರಾಗಲಿಲ್ವಾ ಸಾರ್?"

ಮಧ್ಯಾಹ್ನ ಮತ್ತೆ ಬ್ಯಾಗು ಎತ್ತಿದೆ. ಮತ್ತೆ ಜ್ವರ. ಈ ಸಲ ನೂರ ನಾಲ್ಕು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಬ್ಯಾಗು ಕೆಳಗಿಟ್ಟೆ. ನಿಧಾನವಾಗಿ ಮೈ ತಣ್ಣಗಾಯಿತು.

ಹೆದರಿಕೆಯಾಗುತ್ತಿದೆ. ಬರೆಯಲು ನಾಚಿಕೆ ಏನು, ಹೆದರಿಕೆಯಾಗುತ್ತಿದೆ.

6 ಜೂನ್, ಮಂಗಳವಾರ, ಬೆಳಿಗ್ಗೆ 11

ಗಾನವಿ ಹುಲ್ಲಿನ ಮೇಲೆ ಕಲ್ಲಿಗೆ ಕಥೆ ಹೇಳುತ್ತಿದ್ದಳು. ಅಹಲ್ಯಾ ಅವಳನ್ನೇ ನೋಡುತ್ತ ಕೇಳಿದಳು, "ಆ ಕಲ್ಲು ಎಲ್ಲಿಂದ ತಂದ್ರಿ?"

ಹೇಳಿದೆ. ಜಾಲಿ ಮರ, ಮರಳು ಗುಡ್ಡೆಗಳು, ಒಂದೊಂದರ ಮೇಲೆ ಒಂದೊಂದು ಕಲ್ಲು.

ಅವಳ ಮುಖ ಬಿಳುಚಿಕೊಂಡಿತು. "ರೀ... ಅದು ಪಾತಿ ಅಲ್ಲ. ನಮ್ಮ ಪಾತ್ರೆ ತೊಳೆಯೋ ಸುಶೀಲಾ ಹೋದ ಚಳಿಗಾಲದಲ್ಲಿ ಕೂಸನ್ನ ಕಳ್ಕೊಂಡ್ಳಲ್ಲ, ಅಲ್ಲೇ ಮಣ್ಣು ಮಾಡಿದ್ದು. ಎಳೆ ಮಕ್ಕಳನ್ನ ಸುಡಲ್ಲ, ಹೂಳ್ತಾರೆ. ನಾಯಿ ಕೆದಕಬಾರದು ಅಂತ ಮೇಲೊಂದು ಕಲ್ಲು."

ಯಾರದೋ ಮಗುವಿನ ಮೇಲಿಂದ ಎತ್ತಿಕೊಂಡು ಬಂದಿದ್ದೇನೆ. ನಮ್ಮ ಜೊತೆ ಬಾ ಎಂದು ಕರೆದದ್ದು ನಾನೇ. ಬಂದಿದೆ. ಹುಟ್ಟಿದಮೇಲೆ ಎಲ್ಲಿಗೂ ಹೋಗದ ಮಗು, ಮೊದಲ ಸಲ ಕುದುರೆ ಹತ್ತಿದೆ. ವಾಪಸ್ ಯಾಕೆ ಹೊರಡುತ್ತದೆ.

ಅಮ್ಮನಿಗೆ ಫೋನು ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಹೆಚ್ಚು ಭಯವಾಯಿತು. "ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ. ಇಟ್ಟಮೇಲೆ ತಿರುಗಿ ನೋಡ್ಬೇಡ. ಹಿಂದಿನಿಂದ ಯಾರು ಕರೆದ್ರೂ ನೋಡ್ಬೇಡ, ಓಗೊಡಬೇಡ. ಮನೆ ಮುಟ್ಟೋವರೆಗೂ. ತಿಳೀತಾ?"

ತಿಳಿಯಿತು ಎಂದೆ.

ಗಾನವಿಯ ಪಕ್ಕ ಹೋಗಿ ಕೂತೆ. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್ ಒಂದು ಕಲ್ಲಿನ ಜೊತೆ ರಾಜಿಗೆ ಕೂತ ಹಾಗೆ. "ಪುಟ್ಟಿ, ಮುನ್ನಿಯನ್ನ ಕೇಳು. ಇನ್ನೂ ಎಷ್ಟು ದಿನ ಇರ್ಬೇಕಂತೆ?"

ಗಾನವಿ ಕರ್ಚೀಫಿಗೆ ಕಿವಿಯಿಟ್ಟಳು. "ಅಪ್ಪಾ, ಉಸ್ ಕೋ ಗಿನತೀ ನಹೀಂ ಆತೀ. ಅವಳಿಗೆ ಎಣಿಸೋಕೆ ಬರಲ್ಲ."

ಮತ್ತೆ ಕಿವಿಯಿಟ್ಟು ಕೇಳಿ ಹೇಳಿದಳು: ಮುನ್ನಿ ಮನೆಗೆ ಹೋಗುತ್ತಾಳಂತೆ, ಆದರೆ ಗಾನವಿಯೇ ಮನೆಯ ತನಕ ಬಂದು ಬಿಡಬೇಕಂತೆ. ಬೇರೆ ಯಾರೂ ಬಿಡಕೂಡದು.

ಒಪ್ಪಿಕೊಂಡೆ. ಅಹಲ್ಯಾ ಬೇಡವೇ ಬೇಡ ಎಂದು ಅತ್ತಳು. ಒಪ್ಪದೆ ಏನು ಮಾಡಲಿ? ಬ್ಯಾಗು ಎತ್ತಿದೆ. ಗಾನವಿಯ ಹಣೆ ಮುಟ್ಟಿ ನೋಡಿದೆ. ತಣ್ಣಗಿದೆ. ಟ್ಯಾಕ್ಸಿ ಬರುತ್ತಿದೆ.

7 ಜೂನ್, ಬುಧವಾರ, ಬೆಳಿಗ್ಗೆ 8.30. ಮನೆ

ಮುಗಿಯಿತು.

ಆರೂವರೆಗೆ ಹೋದೆವು, ನಾನು ಮತ್ತು ಗಾನವಿ. ಕೊನೆಯ ಗುಡ್ಡೆ ಹಾಗೆಯೇ ಇತ್ತು, ಬೋಳಾಗಿ. ನಾಯಿ ಮುಟ್ಟಿರಲಿಲ್ಲ, ದೇವರು ದೊಡ್ಡವನು. ಗಾನವಿ ಮಂಡಿಯೂರಿ ಕೂತು ಕರ್ಚೀಫು ಬಿಚ್ಚಿದಳು. ಹಳದಿ ಪಟ್ಟಿ ಸಮೇತ ಕಲ್ಲನ್ನು ಮರಳಿನ ಮೇಲಿಟ್ಟು ಎರಡು ಕೈಯಿಂದ ಒತ್ತಿದಳು. ಬಹಳ ಹೊತ್ತು ಒತ್ತಿ ಹಿಡಿದಿದ್ದಳು. ನಾನೂ ಕೈ ಮುಗಿದು ಕ್ಷಮಿಸು ತಾಯಿ ಎಂದೆ, ಬಾಯಿಬಿಟ್ಟೇ ಅಂದೆ.

ಏಳು ಎಂದಾಗ ಗಾನವಿಗೆ ನಿಲ್ಲಲಾಗಲಿಲ್ಲ. ತೂಕಡಿಕೆ. ಹೆಗಲ ಮೇಲೆ ಹಾಕಿಕೊಂಡೆ. ಎಷ್ಟು ಹಗುರ! ಎರಡು ದಿನದ ಜ್ವರ ಮಗುವನ್ನು ಹಿಂಡಿ ಹಾಕಿದೆ. ತಿರುಗಿ ನೋಡದೆ ನಡೆದೆ.

ಏರಿ ಹತ್ತುವಾಗ ಹಿಂದಿನಿಂದ ಕರೆಯಿತು. "ಅಪ್ಪಾ... ಅಪ್ಪಾ, ನಾನು ಇಲ್ಲಿ..." ಥೇಟ್ ಗಾನವಿಯ ದನಿ. ಅಮ್ಮ ಹೇಳಿದ್ದು ಎಷ್ಟು ಸರಿ. ಹೆಗಲ ಮೇಲಿದ್ದವಳನ್ನು ಗಟ್ಟಿಯಾಗಿ ಅಪ್ಪಿಕೊಂಡು ಓಡಿದೆ. ಅದು ಅಳುತ್ತಿತ್ತು. ರಸ್ತೆಗೆ ಬರುವವರೆಗೂ ಅಳುತ್ತಿತ್ತು. ನಾನು ತಿರುಗಲಿಲ್ಲ. ಓಗೊಡಲಿಲ್ಲ.

ಈಗ ಮಲಗಿದ್ದಾಳೆ. ಅಹಲ್ಯಾ ದೇವರಿಗೆ ತುಪ್ಪದ ದೀಪ ಹಚ್ಚಿದ್ದಾಳೆ. ಒಂದು ಲೋಟ ಕಾಫಿ ಕುಡಿದೆ. ನಾಳೆ ಆಫೀಸು.

ಅದೇ ದಿನ, ಮಧ್ಯಾಹ್ನ 4

ಆಂಧಿ, ಇಲ್ಲಿನ ಧೂಳಿನ ಬಿರುಗಾಳಿ, ಏಳುವ ಹಾಗಿದೆ. ಆಕಾಶ ಪೂರ್ತಿ ಹಳದಿ.

ಗಾನವಿ ಎದ್ದಳು. ಜ್ವರವಿಲ್ಲ. ಎರಡು ಸಲ ಹಾಕಿಸಿಕೊಂಡು ಅನ್ನ ಸಾರು ಉಂಡಳು, ಹಾಲು ಕೇಳಿ ಕುಡಿದಳು. ಹಾಲೆಂದರೆ ಮೂಗು ಮುರಿಯುವವಳು. ಅಹಲ್ಯಾಗೆ ಖುಷಿಯೋ ಖುಷಿ, ದೃಷ್ಟಿ ತೆಗೆದಳು. ಆಮೇಲೆ ಮಗಳು ಮನೆಯೆಲ್ಲ ಸುತ್ತಿದಳು. ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿದಳು. ಫ್ಯಾನಿನ ಸ್ವಿಚ್ಚು ಹಾಕುವುದು, ಮೇಲೆ ನೋಡುವುದು, ಆರಿಸುವುದು. ನನ್ನ ಪಕ್ಕ ಬಂದು ಕೂತು ನಕ್ಕಳು.

"ಯಹಾಂ ಕಿತ್ನೇ ದಿನ್ ರಹನಾ ಹೈ?"

ಇಲ್ಲಿ ಎಷ್ಟು ದಿನ ಇರುವುದು. ತನ್ನದೇ ಮನೆಯಲ್ಲಿ ಕೂತು ಕೇಳುತ್ತಾಳೆ.

ನಿದ್ದೆಗಣ್ಣಿರಬೇಕು ಎಂದುಕೊಂಡೆ. ಎಂದುಕೊಳ್ಳಲು ನೋಡಿದೆ. "ನೀನೇ ಎಣಿಸಿ ಹೇಳು ಪುಟ್ಟಿ, ಅಜ್ಜಿ ಹೇಳಿಕೊಟ್ಟ ಹಾಗೆ."

ಅಂಗೈ ಬಿಡಿಸಿ ನೋಡಿಕೊಂಡಳು. ಹೆಬ್ಬೆರಳು ಗೆಣ್ಣಿನ ಕಡೆ ಹೋಗಲಿಲ್ಲ. ಇನ್ನೊಂದು ಕೈಯಿಂದ ಒಂದು ಬೆರಳು ಹಿಡಿದಳು. "ಏಕ್." ಬಿಟ್ಟಳು. ಮತ್ತೆ ಅದೇ ಬೆರಳು. "ಏಕ್." ಮತ್ತೆ ಅದೇ. "ಏಕ್." ಸರಿಯೇ ಎಂಬಂತೆ ನನ್ನ ಮುಖ ನೋಡಿದಳು.

ಅಡುಗೆಮನೆಯಲ್ಲಿ ಅಹಲ್ಯಾ ಹಾಡು ಗುನುಗುತ್ತಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ. ಹೇಗೆ ಹೇಳಲಿ.

ಬೆಳಿಗ್ಗೆ ಹಿಂದಿನಿಂದ ಕರೆದದ್ದು ಅಪ್ಪಾ ಎಂದು. ನಾನು ಇಲ್ಲಿ ಎಂದು. ಕನ್ನಡದಲ್ಲಿ. ಮುನ್ನಿಗೆ ಕನ್ನಡ ಯಾರು ಕಲಿಸಿದರು? ನನ್ನನ್ನು ಅಪ್ಪಾ ಎಂದು ಕರೆಯುವವಳು ಈ ಭೂಮಿಯ ಮೇಲೆ ಒಬ್ಬಳೇ. ನಾನು ಓಡಿದೆ. ಅಮ್ಮ ಹೇಳಿದಳೆಂದು ಓಡಿದೆ.

ಕಿಟಕಿಗೆ ಮರಳು ಬಡಿಯುತ್ತಿದೆ. ಗುಡ್ಡೆಗಳು ಗುರುತು ಸಿಗದ ಹಾಗೆ ಮುಚ್ಚಿಹೋಗುವ ಮೊದಲು ಹೋಗಬೇಕು. ಚಪ್ಪಲಿ ಹಾಕಿಕೊಂಡೆ. ಇವಳು ಬಾಗಿಲಿಗೆ ಅಡ್ಡ ನಿಂತು ಕೈ ಹಿಡಿದುಕೊಳ್ಳುತ್ತಿದ್ದಾಳೆ, ಬರೆಯಲೂ ಬಿಡುತ್ತಿಲ್ಲ, ಕೈ ಬೆಚ್ಚಗಿದೆ. ಅಲ್ಲಿ ಜಾಲಿ ಮರದ ಕೆಳಗೆ ನನ್ನ ಮಗಳು ಒಬ್ಬಳೇ ಕೂತು ಗೆಣ್ಣು ಎಣಿಸುತ್ತಿರುತ್ತಾಳೆ, ಅಪ್ಪ ಬರುವುದಕ್ಕೆ ಇನ್ನೂ ಎಷ್ಟು ಎಂದು, ಒಂದು, ಎರಡು, ಮೂರು,